ಬಿಸಿಲಿನ ಕಾರಿನ ಓಟ: ಗೆಲುವನ್ನು ಅಳೆಯುವುದು ಹೇಗೆ?

ಮಕ್ಕಳೇ, ಪೆಟ್ರೋಲು ಬೇಡ, ಡೀಸೆಲ್ ಬೇಡ, ಬಿಸಿಲು ಬಿದ್ದರೆ ಸಾಕು, ಓಡುತ್ತದೆ. ಇಂಥ ಕಾರೊಂದನ್ನು ಜನ ಮೊದಲು ನೋಡಿದ್ದು 1955ರ ಆಗಸ್ಟ್ 31ರಂದು, ಅಮೆರಿಕದ ಷಿಕಾಗೋ ನಗರದ ಪ್ರದರ್ಶನವೊಂದರಲ್ಲಿ. ಅದನ್ನು ತಯಾರಿಸಿದವರು ಜನರಲ್ ಮೋಟಾರ್ಸ್ ಕಂಪನಿಯ ವಿಲಿಯಂ ಕಾಬ್. ಕಾರಿನ ಹೆಸರು ‘ಸನ್‌ಮೊಬೀಲ್’. ಅದರಲ್ಲಿ ಎಷ್ಟು ಜನ ಕೂರಬಹುದಿತ್ತು ಎಂದು ಕೇಳುತ್ತೀರಾ? ಒಬ್ಬರೂ ಇಲ್ಲ! ಏಕೆಂದರೆ ಅದರ ಉದ್ದ ಸುಮಾರು 38 ಸೆಂ.ಮೀ. ಮಾತ್ರ, ಒಂದು ಮೊಳಕ್ಕಿಂತಲೂ ಕಡಿಮೆ. ಸೆಲೆನಿಯಂ ಎಂಬ ಧಾತುವಿನಿಂದ ಮಾಡಿದ 12 ಸೌರಕೋಶಗಳು ಮತ್ತು ಒಂದು ಪುಟ್ಟ ಮೋಟಾರು ಅದರಲ್ಲಿದ್ದವು. ಬೆಳಕು ಬಿದ್ದಾಗ ಮೋಟಾರು ತಿರುಗಿ, ಹಿಂದಿನ ಚಕ್ರಗಳ ಅಚ್ಚನ್ನು ತಿರುಗಿಸುತ್ತಿತ್ತು.

ಅಂದರೆ ಸೌರ ಕಾರುಗಳ ಚರಿತ್ರೆ ಶುರುವಾದದ್ದೇ ಒಂದು ಮಾದರಿ ಕಾರಿನಿಂದ. ಇಂದು ಅಂಥ ಮಾದರಿ ಕಾರುಗಳನ್ನು ಮಾಡುವವರು ದೊಡ್ಡ ಕಂಪನಿಯ ಎಂಜಿನಿಯರುಗಳಲ್ಲ, ಶಾಲಾ ಮಕ್ಕಳು. ಹಲವು ದೇಶಗಳಲ್ಲಿ ಅವರಿಗಾಗಿಯೇ ಓಟದ ಸ್ಪರ್ಧೆಗಳಿವೆ. ಈ ಸ್ಪರ್ಧೆ ಹೇಗೆ ನಡೆಯುತ್ತದೆ? ಮೊದಲು ಗುರಿ ಮುಟ್ಟಿದ ಕಾರೇ ಒಳ್ಳೆಯ ಕಾರು ಎನ್ನಬಹುದೇ? ಹೆಚ್ಚು ಮಕ್ಕಳು ಇದರಲ್ಲಿ ಸೇರಬೇಕಾದರೆ ಏನು ಮಾಡಬೇಕು? ಬನ್ನಿ, ಒಂದೊಂದಾಗಿ ನೋಡೋಣ.

ಇಪ್ಪತ್ತು ಮೀಟರಿನ ಓಟ

ಅಮೆರಿಕದ ಕೊಲರಾಡೋ ರಾಜ್ಯದಲ್ಲಿ ಗೋಲ್ಡನ್ ಎಂಬ ಊರಿದೆ. ಅಲ್ಲಿನ ಒಂದು ಸಂಶೋಧನಾ ಸಂಸ್ಥೆ ಸೂರ್ಯ, ಗಾಳಿ ಮುಂತಾದ ಮುಗಿಯದ ಮೂಲಗಳಿಂದ ಶಕ್ತಿ ಪಡೆಯುವ ಬಗ್ಗೆ ಕೆಲಸ ಮಾಡುತ್ತದೆ. 1991ರಲ್ಲಿ ಅದು ‘ರಾಷ್ಟ್ರೀಯ ನವೀಕರಿಸಬಹುದಾದ ಇಂಧನ ಪ್ರಯೋಗಾಲಯ’ ಎಂಬ ಹೆಸರು ಪಡೆಯಿತು. ಸುಮಾರು ನಿಮ್ಮದೇ ವಯಸ್ಸಿನ ಮಕ್ಕಳಿಗಾಗಿ ಈ ಸಂಸ್ಥೆ ನಡೆಸಿಕೊಂಡು ಬಂದ ಸ್ಪರ್ಧೆಯ ಹೆಸರು ‘ಜೂನಿಯರ್ ಸೋಲಾರ್ ಸ್ಪ್ರಿಂಟ್’. ‘ಸ್ಪ್ರಿಂಟ್’ ಎಂದರೆ ಕಡಿಮೆ ದೂರದ ವೇಗದ ಓಟ. ಅಮೆರಿಕದ ಬೇರೆ ರಾಜ್ಯಗಳಿಗೂ ಈ ಸ್ಪರ್ಧೆ ಹರಡಿತು.

ಇದರ ನಿಯಮಗಳು ಸರಳ. ಓಟದ ಹಾದಿ 20 ಮೀಟರ್. ಕಾರು ಅಡ್ಡಾದಿಡ್ಡಿ ಹೋಗದಂತೆ ಹಾದಿಯುದ್ದಕ್ಕೂ ಒಂದು ದಾರ ಬಿಗಿದಿರುತ್ತಾರೆ. ಕಾರಿನ ತಳದಲ್ಲಿರುವ ಪುಟ್ಟ ಬಳೆಯೊಳಗೆ ಆ ದಾರ ಹಾದುಹೋಗುತ್ತದೆ. ಹಾಗಾಗಿ ಕಾರು ನೇರವಾಗಿ ಓಡುತ್ತದೆ. ಎಲ್ಲ ತಂಡಗಳಿಗೂ ಒಂದೇ ಬಗೆಯ ಸೌರಫಲಕ, ಒಂದೇ ಬಗೆಯ ಮೋಟಾರು. ಉಳಿದದ್ದೆಲ್ಲ ಮಕ್ಕಳದೇ ಕೆಲಸ. ಕಾರಿನ ಒಡಲು ಹೇಗಿರಬೇಕು, ಚಕ್ರ ಎಷ್ಟು ದೊಡ್ಡದಿರಬೇಕು, ಗೇರು ಎಂಥದ್ದು, ಫಲಕವನ್ನು ಹೇಗೆ ಕೂರಿಸಬೇಕು ಎಂಬುದನ್ನೆಲ್ಲ ಅವರೇ ತೀರ್ಮಾನಿಸಬೇಕು.

ಫಲಕ ಮತ್ತು ಮೋಟಾರು ಎಲ್ಲರಿಗೂ ಒಂದೇ ಏಕೆ? ಯೋಚಿಸಿ. ಹಣವುಳ್ಳವರು ದೊಡ್ಡ ಫಲಕ ತಂದು ಗೆದ್ದರೆ, ಅದು ಹಣದ ಗೆಲುವು. ಒಂದೇ ಫಲಕ, ಒಂದೇ ಮೋಟಾರು ಇದ್ದಾಗ ಗೆಲ್ಲುವುದು ಯೋಚನೆ.

ಬೆಳಕು ಚಕ್ರ ತಿರುಗಿಸುವ ಬಗೆ

ನಡುಹಗಲಿನಲ್ಲಿ, ಮೋಡವಿಲ್ಲದಾಗ, ಸೂರ್ಯನಿಗೆ ನೇರವಾಗಿ ಮುಖ ಮಾಡಿದ ಒಂದು ಚದರ ಮೀಟರ್ ಜಾಗದ ಮೇಲೆ ಸುಮಾರು 1000 ವಾಟ್ ಬೆಳಕಿನ ಶಕ್ತಿ ಬೀಳುತ್ತದೆ. ಈಗ ನಿಮ್ಮ ನೋಟ್ ಪುಸ್ತಕದ ಅರ್ಧ ಹಾಳೆಯಷ್ಟು, ಅಂದರೆ 15 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಫಲಕವೊಂದಿದೆ ಎನ್ನಿ. ಅದರ ವಿಸ್ತೀರ್ಣ 0.015 ಚದರ ಮೀಟರ್. ಅದರ ಮೇಲೆ ಬೀಳುವ ಶಕ್ತಿ 1000 × 0.015 = 15 ವಾಟ್.

ಇದಷ್ಟೂ ವಿದ್ಯುತ್ತಾಗುತ್ತದೆಯೇ? ಇಲ್ಲ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ತೋರಿಸಿದ ಸಿಲಿಕಾನ್ ಸೌರಕೋಶ, ತನ್ನ ಮೇಲೆ ಬಿದ್ದ ಬೆಳಕಿನ ಶಕ್ತಿಯಲ್ಲಿ ಶೇಕಡಾ 6ರಷ್ಟನ್ನು ಮಾತ್ರ ವಿದ್ಯುತ್ತಾಗಿ ಬದಲಿಸುತ್ತಿತ್ತು. ಇಂದಿನ ಒಳ್ಳೆಯ ಫಲಕಗಳು ಶೇಕಡಾ 20ರಷ್ಟನ್ನು ಬದಲಿಸಬಲ್ಲವು. ಆ ಲೆಕ್ಕದಲ್ಲಿ ನಮ್ಮ ಪುಟ್ಟ ಫಲಕ ಕೊಡುವುದು 3 ವಾಟ್. ಮನೆಯ 9 ವಾಟಿನ ಎಲ್‌ಇಡಿ ಬಲ್ಬಿಗೆ ಬೇಕಾದದ್ದರ ಮೂರನೇ ಒಂದು ಭಾಗ! ಇಷ್ಟೇ ಶಕ್ತಿಯಲ್ಲಿ ಕಾರು ಓಡಬೇಕು. ಆದ್ದರಿಂದಲೇ ಇಲ್ಲಿ ಒಂದಿಷ್ಟೂ ಪೋಲಾಗುವಂತಿಲ್ಲ.

ಇನ್ನೊಂದು ಸಂಗತಿ. ಒಂದು ಸಿಲಿಕಾನ್ ಕೋಶ ಸುಮಾರು ಅರ್ಧ ವೋಲ್ಟ್ ಕೊಡುತ್ತದೆ. ಆರು ಕೋಶಗಳನ್ನು ಸಾಲಾಗಿ ಜೋಡಿಸಿದರೆ 3 ವೋಲ್ಟ್ ಸಿಗುತ್ತದೆ. ಈ ಸಾಲಿನಲ್ಲಿ ಒಂದೇ ಒಂದು ಕೋಶದ ಮೇಲೆ ನೆರಳು ಬಿದ್ದರೂ ಇಡೀ ಸಾಲಿನ ವಿದ್ಯುತ್ ಪ್ರವಾಹ ಕುಗ್ಗುತ್ತದೆ. ತೋಟಕ್ಕೆ ನೀರು ಹಾಯಿಸುವ ಪೈಪನ್ನು ಒಂದು ಕಡೆ ತುಳಿದು ನಿಂತರೆ ಏನಾಗುತ್ತದೆ? ನೀರು ಬರುವುದು ಕಡಿಮೆಯಾಗುತ್ತದೆಯಲ್ಲವೇ? ಇದೂ ಹಾಗೆಯೇ. ಓಟದ ಆರಂಭದಲ್ಲಿ ಕಾರನ್ನು ಹಿಡಿದುಕೊಂಡವರ ಕೈ ನೆರಳು ಫಲಕದ ಮೇಲೆ ಬಿದ್ದರೆ ಕಾರು ಹೊರಡಲು ತಡಮಾಡುತ್ತದೆ.

ಬಿಸಿಲು ಹೆಚ್ಚಿದಷ್ಟೂ ಫಲಕ ಬಿಸಿಯಾಗಲಿ, ಒಳ್ಳೆಯದೇ ಎಂದು ನಿಮಗೆ ಅನ್ನಿಸಬಹುದು. ಆದರೆ ಕೋಶದಲ್ಲಿ ವಿದ್ಯುತ್ ಹುಟ್ಟಿಸುವುದು ಬೆಳಕು, ಶಾಖವಲ್ಲ. ಫಲಕ ಬಿಸಿಯಾದರೆ ಅದರ ವೋಲ್ಟೇಜ್ ಕಡಿಮೆಯಾಗುತ್ತದೆ. ಹಾಗಾಗಿ ಜಾಣ ತಂಡದವರು ತಮ್ಮ ಸರದಿ ಬರುವವರೆಗೆ ಕಾರನ್ನು ನೆರಳಿನಲ್ಲಿ ಇಟ್ಟಿರುತ್ತಾರೆ.

ಫಲಕ ಮಲಗಿರಬೇಕೋ, ಓರೆಯಾಗಿರಬೇಕೋ?

ಸೂರ್ಯನ ಕಿರಣಗಳು ಫಲಕದ ಮೇಲೆ ನೇರವಾಗಿ ಬಿದ್ದಾಗ ಹೆಚ್ಚು ಬೆಳಕು ಸಿಗುತ್ತದೆ. ಓರೆಯಾಗಿ ಬಿದ್ದರೆ ಕಡಿಮೆ. ಹಾಗಾದರೆ ಫಲಕವನ್ನು ಯಾವಾಗಲೂ ಸೂರ್ಯನ ಕಡೆಗೆ ಓರೆಮಾಡಬೇಕೇ? ಅದು ಊರು ಮತ್ತು ತಿಂಗಳನ್ನು ಅವಲಂಬಿಸಿದೆ.

ಗೋಲ್ಡನ್ ಊರು ಸುಮಾರು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಅಲ್ಲಿ ಸೂರ್ಯ ವರ್ಷದ ಯಾವ ದಿನವೂ ನೆತ್ತಿಯ ಮೇಲೆ ಬರುವುದಿಲ್ಲ. ನಮ್ಮ ಬೆಂಗಳೂರು ಸುಮಾರು 13 ಡಿಗ್ರಿಯಲ್ಲಿದೆ. ಇಲ್ಲಿ ಏಪ್ರಿಲ್ 24ರ ಸುಮಾರಿಗೆ ಮತ್ತು ಆಗಸ್ಟ್ 18ರ ಸುಮಾರಿಗೆ ನಡುಹಗಲಿನಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ಆಗ ನೆರಳೇ ಕಾಣುವುದಿಲ್ಲ. ಇದನ್ನು ‘ಶೂನ್ಯ ನೆರಳಿನ ದಿನ’ ಎನ್ನುತ್ತಾರೆ. ಆ ದಿನ ಫಲಕವನ್ನು ಸುಮ್ಮನೆ ಮಲಗಿಸಿದರೆ ಸಾಕು. ಅದೇ ಡಿಸೆಂಬರ್ ಕೊನೆಯಲ್ಲಿ ನಡುಹಗಲಿನ ಸೂರ್ಯ ಬೆಂಗಳೂರಿನ ನೆತ್ತಿಯಿಂದ ಸುಮಾರು 36 ಡಿಗ್ರಿ ದಕ್ಷಿಣಕ್ಕೆ ಸರಿದಿರುತ್ತಾನೆ. ಆಗ ಮಲಗಿಸಿದ ಫಲಕಕ್ಕೆ ಸಿಗುವ ನೇರ ಬೆಳಕು ಸುಮಾರು ಐದನೇ ಒಂದು ಭಾಗದಷ್ಟು ಕಡಿಮೆ. ಓರೆಮಾಡಿದರೆ ಲಾಭವಿದೆ. ಆದರೆ ಎತ್ತಿ ನಿಲ್ಲಿಸಿದ ಫಲಕಕ್ಕೆ ಗಾಳಿ ತಡೆಯೊಡ್ಡುತ್ತದೆ. ಅದನ್ನು ಹೊರುವ ಕಡ್ಡಿಗಳ ತೂಕವೂ ಸೇರುತ್ತದೆ. ಯಾವುದು ಲಾಭ, ಯಾವುದು ನಷ್ಟ ಎಂದು ಬಾಯಿಮಾತಿನಲ್ಲಿ ಹೇಳಲಾಗದು. ಓಡಿಸಿ ನೋಡಿಯೇ ತಿಳಿಯಬೇಕು.

ಗೇರಿನ ಗುಟ್ಟು

ಗೇರಿರುವ ಸೈಕಲ್ಲಿನಲ್ಲಿ ದಿಣ್ಣೆ ಹತ್ತುವವರನ್ನು ಗಮನಿಸಿದ್ದೀರಾ? ಅವರ ಕಾಲು ಬೇಗ ಬೇಗ ತಿರುಗುತ್ತದೆ, ಆದರೆ ಸೈಕಲ್ ನಿಧಾನವಾಗಿ ಸಾಗುತ್ತದೆ. ವೇಗವನ್ನು ಬಿಟ್ಟುಕೊಟ್ಟು ಬಲವನ್ನು ಪಡೆಯುವ ಉಪಾಯವಿದು. ಮಾದರಿ ಕಾರಿನ ಮೋಟಾರಿಗೆ 10 ಹಲ್ಲಿನ ಗೇರು, ಚಕ್ರದ ಅಚ್ಚಿಗೆ 40 ಹಲ್ಲಿನ ಗೇರು ಹಾಕಿದರೆ, ಮೋಟಾರು 4 ಸುತ್ತು ತಿರುಗಿದಾಗ ಚಕ್ರ ಒಂದು ಸುತ್ತು ತಿರುಗುತ್ತದೆ. ಚಕ್ರದ ವೇಗ ಕಡಿಮೆ, ಆದರೆ ತಿರುಗಿಸುವ ಬಲ ಹೆಚ್ಚು.

ಚಕ್ರದ ವ್ಯಾಸ 6 ಸೆಂ.ಮೀ. ಇದ್ದರೆ ಅದರ ಸುತ್ತಳತೆ ಸುಮಾರು 18.8 ಸೆಂ.ಮೀ. 20 ಮೀಟರ್ ಓಡಲು ಅದು ಸುಮಾರು 106 ಸುತ್ತು ತಿರುಗಬೇಕು. ಹಾಗಾದರೆ ಮೋಟಾರು ಎಷ್ಟು ಸುತ್ತು ತಿರುಗಬೇಕು? ಲೆಕ್ಕ ಹಾಕಿ. ದೊಡ್ಡ ಚಕ್ರ ಹಾಕಿದರೆ ಸುತ್ತುಗಳು ಕಡಿಮೆಯಾಗುತ್ತವೆ. ಆದರೆ ಮಂದ ಬಿಸಿಲಿನಲ್ಲಿ ಮೋಟಾರಿಗೆ ಅದನ್ನು ಕದಲಿಸಲು ಆಗದೆಯೂ ಹೋಗಬಹುದು. ಆದ್ದರಿಂದ ಕೆಲವು ತಂಡಗಳು ಎರಡು ಬಗೆಯ ಗೇರುಗಳನ್ನು ಸಿದ್ಧವಾಗಿಟ್ಟುಕೊಂಡು, ಆ ದಿನದ ಆಕಾಶ ನೋಡಿ ಬದಲಾಯಿಸುತ್ತವೆ.

ಗೆದ್ದವರು ಯಾರು?

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಮೂರು ಕಾರುಗಳು ಸ್ಪರ್ಧೆಗೆ ಬಂದಿವೆ ಎಂದುಕೊಳ್ಳಿ. ಕೆಂಪು, ಹಸಿರು ಮತ್ತು ಹಳದಿ. ಪ್ರತಿ ಕಾರೂ ಮೂರು ಬಾರಿ ಓಡಿತು. ತೆಗೆದುಕೊಂಡ ಕಾಲ ಹೀಗಿದೆ:

ಕೆಂಪು ಕಾರು: 6, 6, 6 ಸೆಕೆಂಡು.
ಹಸಿರು ಕಾರು: 5, 5, 11 ಸೆಕೆಂಡು. (ಮೂರನೆಯ ಓಟದಲ್ಲಿ ಮೋಡ ಅಡ್ಡ ಬಂತು.)
ಹಳದಿ ಕಾರು: 14, 9, 7 ಸೆಕೆಂಡು. (ಪ್ರತಿ ಓಟದ ನಂತರ ಮಕ್ಕಳು ಒಂದೊಂದು ದೋಷ ತಿದ್ದಿದರು.)

ಬಹುಮಾನ ಯಾರಿಗೆ? ಎಲ್ಲಕ್ಕಿಂತ ವೇಗದ ಒಂದು ಓಟವನ್ನು ನೋಡಿದರೆ ಹಸಿರಿಗೆ. ಸರಾಸರಿ ತೆಗೆದರೆ ಕೆಂಪಿನದು 6, ಹಸಿರಿನದು 7, ಹಳದಿಯದು 10, ಗೆಲುವು ಕೆಂಪಿಗೆ. ಮೂರು ಅಳತೆಗಳನ್ನು ಕ್ರಮವಾಗಿ ಬರೆದು ನಡುವಿನದನ್ನು ಆರಿಸಿದರೆ ಕೆಂಪಿಗೆ 6, ಹಸಿರಿಗೆ 5. ಮತ್ತೆ ಹಸಿರು ಗೆಲ್ಲುತ್ತದೆ. ಯಾರು ಹೆಚ್ಚು ಸುಧಾರಿಸಿದರು ಎಂದು ಕೇಳಿದರೆ, ಕಾಲವನ್ನು ಅರ್ಧಕ್ಕೆ ಇಳಿಸಿದ ಹಳದಿಯೇ ಮೊದಲು.

ನೋಡಿದಿರಾ? ಕಾರುಗಳು ಅವೇ, ಅಂಕಿಗಳೂ ಅವೇ. ಅಳೆಯುವ ಬಗೆ ಬದಲಾದಾಗ ಗೆದ್ದವರೂ ಬದಲಾದರು! ಆದ್ದರಿಂದ ಯಾವುದೇ ಸ್ಪರ್ಧೆಯಲ್ಲಿ ‘ಹೇಗೆ ಅಳೆಯುತ್ತೇವೆ’ ಎಂಬುದನ್ನು ಓಟಕ್ಕೆ ಮೊದಲೇ ಎಲ್ಲರಿಗೂ ತಿಳಿಸಬೇಕು. ಓಟ ಮುಗಿದ ಮೇಲೆ ತೀರ್ಮಾನಿಸಿದರೆ ಅದು ನ್ಯಾಯವಾಗದು.

ಮೋಡದ ತೊಂದರೆಗೆ ಏನು ಪರಿಹಾರ? ಎರಡು ಕಾರುಗಳನ್ನು ಅಕ್ಕಪಕ್ಕದಲ್ಲಿ ಒಟ್ಟಿಗೆ ಓಡಿಸಿದರೆ ಇಬ್ಬರಿಗೂ ಒಂದೇ ಬಿಸಿಲು ಸಿಗುತ್ತದೆ. ನಂತರ ಹಾದಿ ಅದಲುಬದಲು ಮಾಡಿ ಮತ್ತೆ ಓಡಿಸಿದರೆ ನೆಲದ ಏರುಪೇರೂ ಇಬ್ಬರಿಗೂ ಸಮನಾಗುತ್ತದೆ. ಆಕಾಶ ಪೂರ್ತಿ ಮುಚ್ಚಿದ ದಿನ ಎಲ್ಲರಿಗೂ ಒಂದೇ ಬಗೆಯ ಬ್ಯಾಟರಿ ಕೊಟ್ಟು ಓಟ ನಡೆಸುವುದೂ ಉಂಟು.

ವೇಗ ಒಂದೇ ಸಾಕೇ?

ದೊಡ್ಡವರ ಸೌರ ಕಾರು ಸ್ಪರ್ಧೆಯಲ್ಲೂ ಇದೇ ಪ್ರಶ್ನೆ ಎದ್ದಿತ್ತು. ಆಸ್ಟ್ರೇಲಿಯಾದ ಉತ್ತರ ತುದಿಯ ಡಾರ್ವಿನ್‌ನಿಂದ ದಕ್ಷಿಣದ ಅಡಿಲೇಡ್‌ವರೆಗೆ ಸುಮಾರು 3000 ಕಿ.ಮೀ. ದೂರದ ಸೌರ ಕಾರು ಓಟ 1987ರಲ್ಲಿ ಆರಂಭವಾಯಿತು. ಮೊದಲ ವರ್ಷ ಗೆದ್ದ ‘ಸನ್‌ರೇಸರ್’ ಕಾರಿನ ಸರಾಸರಿ ವೇಗ ಗಂಟೆಗೆ ಸುಮಾರು 67 ಕಿ.ಮೀ. ಕಾರುಗಳು ವರ್ಷದಿಂದ ವರ್ಷಕ್ಕೆ ವೇಗವಾದವು. ಆದರೆ ಅವುಗಳಲ್ಲಿ ಒಬ್ಬರೇ ಮುದುಡಿಕೊಂಡು ಕೂರಬೇಕಿತ್ತು. ಮನೆಮಂದಿ ಹೋಗುವಂಥ ಕಾರು ಅದಾಗಿರಲಿಲ್ಲ.

ಆಗ ನಡೆಸುವವರು ಏನು ಮಾಡಿದರು ಗೊತ್ತೇ? 2013ರಲ್ಲಿ ಹೊಸದೊಂದು ವಿಭಾಗವನ್ನು ಸೇರಿಸಿದರು. ಅದರಲ್ಲಿ ವೇಗ ಮಾತ್ರ ಮುಖ್ಯವಲ್ಲ. ಎಷ್ಟು ಜನರನ್ನು ಕರೆದೊಯ್ಯುತ್ತದೆ, ಹೊರಗಿನಿಂದ ಎಷ್ಟು ವಿದ್ಯುತ್ ಪಡೆಯುತ್ತದೆ, ದಿನಬಳಕೆಗೆ ಎಷ್ಟು ಅನುಕೂಲ ಎಂಬುದಕ್ಕೂ ಅಂಕಗಳು. ಆ ವರ್ಷ ಆ ವಿಭಾಗದಲ್ಲಿ ಗೆದ್ದದ್ದು ನೆದರ್ಲೆಂಡ್ಸ್ ದೇಶದ ಐಂಡ್‌ಹೋವನ್ ವಿದ್ಯಾರ್ಥಿಗಳು ಕಟ್ಟಿದ ‘ಸ್ಟೆಲ್ಲಾ’ ಎಂಬ ನಾಲ್ಕು ಆಸನಗಳ ಕಾರು. ಅಳತೆಗೋಲು ಬದಲಾದಾಗ ಜನ ಕಟ್ಟುವ ಕಾರೂ ಬದಲಾಯಿತು!

ಅಮೆರಿಕದಲ್ಲಿ ‘ಕಿಡ್‌ವಿಂಡ್’ ಎಂಬ ಸ್ಪರ್ಧೆ ಇದೆ. ಅಲ್ಲಿ ಮಕ್ಕಳು ಮಾದರಿ ಗಾಳಿಯಂತ್ರ ಮಾಡಿ ತರುತ್ತಾರೆ. ಯಂತ್ರ ಎಷ್ಟು ವಿದ್ಯುತ್ ಕೊಟ್ಟಿತು ಎಂದು ಅಳೆಯುವುದರ ಜೊತೆಗೆ, ತೀರ್ಪುಗಾರರು ಮಕ್ಕಳೊಂದಿಗೆ ಕುಳಿತು ಮಾತನಾಡುತ್ತಾರೆ. ‘ರೆಕ್ಕೆ ಹೀಗೇಕೆ ತಿರುಚಿದ್ದೀರಿ?’ ‘ಮೊದಲು ಮಾಡಿದ್ದು ಏಕೆ ಸರಿಯಾಗಲಿಲ್ಲ?’ ಇಂಥ ಪ್ರಶ್ನೆಗಳಿಗೆ ಸ್ವಂತವಾಗಿ ಮಾಡಿದವರು ಮಾತ್ರ ಉತ್ತರ ಹೇಳಬಲ್ಲರು. ಮನೆಯಲ್ಲಿ ದೊಡ್ಡವರು ಮಾಡಿಕೊಟ್ಟ ಯಂತ್ರ ಚೆನ್ನಾಗಿ ತಿರುಗಬಹುದು, ಆದರೆ ಅದನ್ನು ತಂದವರು ಉತ್ತರಕ್ಕೆ ತಡವರಿಸುತ್ತಾರೆ. ಜೂನಿಯರ್ ಸೋಲಾರ್ ಸ್ಪ್ರಿಂಟ್‌ನಲ್ಲೂ ಓಟದ ಬಹುಮಾನದ ಜೊತೆಗೆ ಒಳ್ಳೆಯ ವಿನ್ಯಾಸಕ್ಕೆ ಬೇರೆ ಬಹುಮಾನವಿದೆ.

ಸ್ಪರ್ಧೆಯಲ್ಲಿ ಹತ್ತು ತಂಡಗಳಿದ್ದರೆ ಒಂದು ಗೆಲ್ಲುತ್ತದೆ, ಒಂಬತ್ತು ಸೋಲುತ್ತವೆ. ಮೊದಲ ಓಟದಲ್ಲೇ ಸೋತ ತಂಡ ಐದು ನಿಮಿಷದಲ್ಲಿ ಮನೆಗೆ ಹೊರಟರೆ ಆ ಮಕ್ಕಳು ಕಲಿತದ್ದೇನು? ‘ನಮ್ಮಿಂದ ಆಗದು’ ಎಂಬುದನ್ನಷ್ಟೇ. ಅದೇ ಮಕ್ಕಳಿಗೆ ದೋಷ ಹುಡುಕಿ ತಿದ್ದಲು ಸಮಯ ಕೊಟ್ಟು, ಮತ್ತೆ ಓಡಲು ಬಿಟ್ಟರೆ ಹಳದಿ ಕಾರಿನವರಂತೆ ಅವರೂ ಮುಂದೆ ಬರುತ್ತಾರೆ.

ಸ್ಪರ್ಧೆ ಬೆಳೆಯುವುದು ಹೇಗೆ?

ಹೊಸ ಪ್ರಶ್ನೆಗಳನ್ನು ಸೇರಿಸಿಕೊಳ್ಳುವುದು ಒಂದು ದಾರಿ. ಸೌರ ಕಾರಿಗೆ ಒಂದು ದೊಡ್ಡ ಕೊರತೆ ಇದೆ: ಸೂರ್ಯ ಮುಳುಗಿದರೆ ಅದು ನಿಲ್ಲುತ್ತದೆ. ಹಾಗಾಗಿ ಹಗಲಿನ ಶಕ್ತಿಯನ್ನು ಕೂಡಿಡಬೇಕು. ಗೋಲ್ಡನ್‌ನ ಸಂಸ್ಥೆ ಒಂದು ಕಾಲದಲ್ಲಿ ಜಲಜನಕದ ಕಾರುಗಳ ಸ್ಪರ್ಧೆಯನ್ನೂ, ಆಮೇಲೆ ಲಿಥಿಯಂ ಅಯಾನ್ ಬ್ಯಾಟರಿಯ ಕಾರುಗಳ ಸ್ಪರ್ಧೆಯನ್ನೂ ನಡೆಸಿತು. ಜಲಜನಕದ ಮಾದರಿ ಕಾರಿನಲ್ಲಿ ಮೊದಲು ಸೌರಫಲಕದ ವಿದ್ಯುತ್ತಿನಿಂದ ನೀರನ್ನು ಜಲಜನಕ ಮತ್ತು ಆಮ್ಲಜನಕಗಳಾಗಿ ಒಡೆಯಬಹುದು. ಆಗ ಎರಡು ಪಾಲು ಜಲಜನಕಕ್ಕೆ ಒಂದು ಪಾಲು ಆಮ್ಲಜನಕ ಬರುತ್ತದೆ. ಅವು ‘ಇಂಧನ ಕೋಶ’ದಲ್ಲಿ ಮತ್ತೆ ಕೂಡಿದಾಗ ವಿದ್ಯುತ್ ಹುಟ್ಟಿ ಕಾರು ಓಡುತ್ತದೆ. ಹೊರಗೆ ಬರುವುದು ಹೊಗೆಯಲ್ಲ, ನೀರು!

ಇನ್ನೊಂದು ದಾರಿ, ಖರ್ಚನ್ನು ಇಳಿಸಿ ಹೆಚ್ಚು ಮಕ್ಕಳನ್ನು ಸೇರಿಸಿಕೊಳ್ಳುವುದು. ಒಬ್ಬೊಬ್ಬರಿಗೂ ಒಂದೊಂದು ಫಲಕ ಬೇಕೆಂದೇನೂ ಇಲ್ಲ. ಶಾಲೆಗೆ ಒಂದೇ ಫಲಕ, ಒಂದೇ ಮೋಟಾರು ಇದ್ದರೂ ಸಾಕು. ಅದನ್ನು ಬಿಚ್ಚಿ ಒಂದು ಕಾರಿನಿಂದ ಇನ್ನೊಂದಕ್ಕೆ ಕೂರಿಸಿ, ಒಂದೇ ಹೊತ್ತಿನಲ್ಲಿ ಸರದಿಯಂತೆ ಓಡಿಸಬಹುದು. ಅದೂ ಇಲ್ಲವೆಂದರೆ? ಕಾರಿನ ಅರ್ಧ ವಿಜ್ಞಾನ ಚಕ್ರ ಮತ್ತು ಅಚ್ಚಿನಲ್ಲೇ ಇದೆ. ಅದಕ್ಕೆ ಫಲಕ ಬೇಕಿಲ್ಲ.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ರಟ್ಟು, ಒಂದೇ ಅಳತೆಯ ನಾಲ್ಕು ಬಾಟಲಿ ಮುಚ್ಚಳ, ಎರಡು ತೆಳುವಾದ ಬಿದಿರು ಕಡ್ಡಿ, ಕಡ್ಡಿ ಸಡಿಲವಾಗಿ ಹೋಗುವಷ್ಟು ದಪ್ಪದ ಎರಡು ಕೊಳವೆ ತುಂಡು (ಹಳೆಯ ಪೆನ್ನಿನ ಕೊಳವೆಯಾದರೂ ಸರಿ), ಅಂಟು, ಒಂದು ಹಲಗೆ, ಎರಡು ಇಟ್ಟಿಗೆ, ಅಳತೆ ಟೇಪು.

1. ರಟ್ಟಿನ ತಳಕ್ಕೆ ಎರಡು ಕೊಳವೆಗಳನ್ನು ಅಡ್ಡಲಾಗಿ, ಒಂದಕ್ಕೊಂದು ಸಮಾನಾಂತರವಾಗಿ ಅಂಟಿಸಿ. ಅವುಗಳೊಳಗೆ ಬಿದಿರು ಕಡ್ಡಿ ತೂರಿಸಿ, ಎರಡೂ ತುದಿಗೆ ಮುಚ್ಚಳಗಳನ್ನು ಚಕ್ರದಂತೆ ಬಿಗಿಯಿರಿ. ಮುಚ್ಚಳಕ್ಕೆ ತೂತು ಮಾಡುವಾಗ ದೊಡ್ಡವರ ಸಹಾಯ ಪಡೆಯಿರಿ. ತೂತು ಸರಿಯಾಗಿ ನಡುವೆ ಇರಲಿ.

2. ಹಲಗೆಯ ಒಂದು ತುದಿಯನ್ನು ಎರಡು ಇಟ್ಟಿಗೆಗಳ ಮೇಲಿಟ್ಟು ಇಳಿಜಾರು ಮಾಡಿ. ಹಲಗೆಯ ಮೇಲೆ ಒಂದು ಗೆರೆ ಎಳೆಯಿರಿ. ಕಾರನ್ನು ಆ ಗೆರೆಯಲ್ಲಿಟ್ಟು, ತಳ್ಳದೆ ಸುಮ್ಮನೆ ಕೈ ಬಿಡಿ.

3. ಹಲಗೆಯ ಕೆಳತುದಿಯಿಂದ ಕಾರು ಎಷ್ಟು ದೂರ ಹೋಗಿ ನಿಂತಿತು ಎಂದು ಅಳೆಯಿರಿ. ಮೂರು ಬಾರಿ ಮಾಡಿ, ಸರಾಸರಿ ಬರೆಯಿರಿ.

4. ಈಗ ಒಂದೇ ಒಂದು ಬದಲಾವಣೆ ಮಾಡಿ. ಉದಾಹರಣೆಗೆ, ಕಡ್ಡಿಗೆ ಮೇಣದ ಬತ್ತಿಯ ಮೇಣ ಸವರಿ. ಮತ್ತೆ ಮೂರು ಬಾರಿ ಅಳೆಯಿರಿ. ಆಮೇಲೆ ದೊಡ್ಡ ಚಕ್ರ, ಆಮೇಲೆ ಹಗುರವಾದ ಒಡಲು. ಒಂದು ಸಲಕ್ಕೆ ಎರಡು ಬದಲಾವಣೆ ಮಾಡಬೇಡಿ. ಮಾಡಿದರೆ ಯಾವುದರಿಂದ ಫಲ ಬಂತೆಂದು ತಿಳಿಯುವುದಿಲ್ಲ.

ಇಳಿಜಾರಿನಲ್ಲಿ ಹೆಚ್ಚು ದೂರ ಉರುಳುವ ಕಾರಿನಲ್ಲಿ ಘರ್ಷಣೆ ಕಡಿಮೆ ಎಂದು ತಿಳಿಯಿರಿ. ನಾಳೆ ಅದರ ಮೇಲೆ ಸೌರಫಲಕ ಕೂರಿಸಿದರೂ ಅದೇ ಚೆನ್ನಾಗಿ ಓಡುವ ಸಾಧ್ಯತೆ ಹೆಚ್ಚು.

ಎಚ್ಚರಿಕೆ: ಸೂರ್ಯನನ್ನು ಬರಿಗಣ್ಣಿನಿಂದ ನೋಡಬೇಡಿ. ಮೋಟಾರು ಸಿಕ್ಕರೆ ಅದನ್ನು ಮನೆಯ ವಿದ್ಯುತ್ ಪ್ಲಗ್ಗಿಗೆ ಎಂದಿಗೂ ಜೋಡಿಸಬೇಡಿ.

ನಿಮ್ಮ ಶಾಲೆಯ ಅಂಕಪಟ್ಟಿ

ನಿಮ್ಮ ಶಾಲೆಯಲ್ಲೇ ಇಂಥ ಸ್ಪರ್ಧೆ ನಡೆಸುವುದಾದರೆ ಅಂಕಗಳನ್ನು ಹೀಗೆ ಹಂಚಬಹುದು: ಓಟದ ಸರಾಸರಿಗೆ 40, ಮೊದಲಿಗಿಂತ ಎಷ್ಟು ಸುಧಾರಿಸಿತು ಎಂಬುದಕ್ಕೆ 20, ಅಳತೆಗಳನ್ನು ಬರೆದಿಟ್ಟ ಪುಸ್ತಕಕ್ಕೆ 20, ‘ಹೀಗೇಕೆ ಮಾಡಿದಿರಿ’ ಎಂಬ ಪ್ರಶ್ನೆಯ ಉತ್ತರಕ್ಕೆ 20. ತಂಡದಲ್ಲಿ ಯಾರನ್ನು ಬೇಕಾದರೂ ಆ ಪ್ರಶ್ನೆ ಕೇಳಬಹುದು ಎಂದು ನಿಯಮ ಮಾಡಿ. ಆಗ ಒಬ್ಬರೇ ಕೆಲಸ ಮಾಡಿ ಉಳಿದವರು ನೋಡುತ್ತ ನಿಲ್ಲುವುದು ತಪ್ಪುತ್ತದೆ. ಹುಡುಗರು ಕಾರು ಮಾಡಿ, ಹುಡುಗಿಯರು ಬಣ್ಣ ಬಳಿಯುವುದೂ ತಪ್ಪುತ್ತದೆ. ಈ ಹಂಚಿಕೆ ನಿಮಗೆ ಸರಿ ಕಾಣದಿದ್ದರೆ ಗುರುಗಳೊಂದಿಗೆ ಚರ್ಚಿಸಿ ಬದಲಾಯಿಸಿ. ಆದರೆ ಓಟಕ್ಕೆ ಮೊದಲೇ!

ತುಮಕೂರು ಜಿಲ್ಲೆಯ ಪಾವಗಡದಲ್ಲಿ ಬಯಲಿನ ತುಂಬ ಸೌರಫಲಕಗಳಿವೆ. ಅಲ್ಲಿನ ಸೌರ ಪಾರ್ಕಿನ ಸಾಮರ್ಥ್ಯ 2050 ಮೆಗಾವಾಟ್. ಅಷ್ಟು ದೊಡ್ಡ ಪಾರ್ಕಿನಲ್ಲೂ ಎಂಜಿನಿಯರುಗಳು ಕೇಳಿಕೊಳ್ಳುವ ಪ್ರಶ್ನೆಗಳು ಇವೇ: ಫಲಕದ ಓರೆ ಎಷ್ಟಿರಬೇಕು? ನೆರಳು ಬೀಳುತ್ತಿದೆಯೇ? ಧೂಳು ಎಷ್ಟು ಕೂತಿದೆ? ಸಂಜೆಯ ಮೇಲೆ ವಿದ್ಯುತ್ತಿಗೆ ಏನು ಮಾಡುವುದು? ರಟ್ಟಿನ ಕಾರಿನ ಮುಂದೆ ಕುಳಿತು ಅಳೆದು, ಬರೆದು, ತಿದ್ದುವವರು ಆ ಪ್ರಶ್ನೆಗಳಿಗೆ ಉತ್ತರ ಹುಡುಕುವ ಕೆಲಸವನ್ನು ಆಗಲೇ ಶುರುಮಾಡಿದ್ದಾರೆ.

ಕೊನೆಗೆ ನಿಮಗೊಂದು ಪ್ರಶ್ನೆ: ಒಂದು ಕಾರು 20 ಮೀಟರನ್ನು 5 ಸೆಕೆಂಡಿನಲ್ಲಿ ಓಡಿದರೆ ಅದರ ವೇಗ ಗಂಟೆಗೆ ಎಷ್ಟು ಕಿ.ಮೀ.? ಲೆಕ್ಕ ಹಾಕಿ. ನೀವು ಅದೇ 20 ಮೀಟರನ್ನು ಎಷ್ಟು ಸೆಕೆಂಡಿನಲ್ಲಿ ಓಡುತ್ತೀರಿ? ಶಾಲೆಯ ಬಯಲಿನಲ್ಲಿ ಮೂರು ಬಾರಿ ಓಡಿ, ಸರಾಸರಿ ತೆಗೆದು, ಕಾರಿನ ವೇಗದೊಂದಿಗೆ ಹೋಲಿಸಿ ನೋಡಿ.